ಸೌದೆಯ ಹೊರೆಯೂ ಎಣ್ಣೆಯ ಮರಳೂ

ಕಳೆದ ವರ್ಷ ನಮ್ಮ ಕಾಲೇಜಿನ ಚರ್ಚಾಕೂಟದಲ್ಲಿ “ಎಣ್ಣೆ ಮರಳನ್ನು ಅಗೆಯುವುದನ್ನು ನಿಲ್ಲಿಸಿ ಹಸಿರು ಶಕ್ತಿಗೆ ತಿರುಗುವುದೇ ಲೋಕಕ್ಕೆ ಕ್ಷೇಮ” ಎಂಬ ವಿಷಯದ ಮೇಲೆ ಭಾಷಣ ಸ್ಪರ್ಧೆಯೊಂದು ನಡೆಯಿತು. ಪರವಾಗಿ ಮಾತನಾಡಿದವರು ಕೆನಡಾ ದೇಶದ ಕಾಡು ಹಾಳಾದುದನ್ನು ಮನಮುಟ್ಟುವಂತೆ ವರ್ಣಿಸಿದರು. ವಿರೋಧವಾಗಿ ಮಾತನಾಡಿದವರು ಎಣ್ಣೆಯಿಲ್ಲದೆ ಬಸ್ಸು ಓಡುವುದು ಹೇಗೆ, ಕಾರ್ಖಾನೆ ನಡೆಯುವುದು ಹೇಗೆ ಎಂದು ಕೇಳಿದರು. ಎರಡು ಪಕ್ಷಕ್ಕೂ ಸಮವಾಗಿ ಚಪ್ಪಾಳೆ ಬಿತ್ತು. ಹಿಂದಿನ ಬೆಂಚಿನಲ್ಲಿ ಕುಳಿತಿದ್ದ ನನಗೆ ಮಾತ್ರ ಒಂದು ಸಂಗತಿ ಸೋಜಿಗವೆನಿಸಿತು. ಆ ಸಭೆಯಲ್ಲಿದ್ದವರಲ್ಲಿ ಎಷ್ಟೋ ಮಂದಿ ಅಂದು ಬೆಳಗ್ಗೆ ಸೌದೆ ಉರಿಸಿ ಕಾಯಿಸಿದ ನೀರಿನಲ್ಲಿ ಸ್ನಾನ ಮಾಡಿ ಬಂದವರು. ಆದರೆ ಅಷ್ಟು ಭಾಷಣಗಳಲ್ಲಿ ಒಂದರಲ್ಲಿಯೂ ಸೌದೆ ಎಂಬ ಮಾತು ಬರಲಿಲ್ಲ. ನಾನೂ ಸ್ಪರ್ಧೆಗೆ ಹೆಸರು ಕೊಟ್ಟವಳಲ್ಲ. ಆದುದರಿಂದ ಅವರನ್ನು ದೂರುವ ಹಕ್ಕು ನನಗಿಲ್ಲ. ಅಂದು ಯಾರೂ ಆಡದೆ ಉಳಿದ ಮಾತನ್ನು ಇಲ್ಲಿ ಬರೆಯಲು ಯತ್ನಿಸಿದ್ದೇನೆ.

ಮೊದಲು ಎಣ್ಣೆ ಮರಳು ಎಂದರೇನೆಂಬುದನ್ನು ಅರಿಯಬೇಕು. ಕೆನಡಾದ ಆಲ್ಬರ್ಟಾ ಪ್ರಾಂತದ ಉತ್ತರ ಭಾಗದಲ್ಲಿ ಅಥಬಾಸ್ಕ ಎಂಬ ನದಿ ಹರಿಯುತ್ತದೆ. ಅದರ ಇಕ್ಕೆಲದ ನೆಲದಡಿಯಲ್ಲಿ ಮರಳು, ಜೇಡಿ, ನೀರು ಇವುಗಳೊಡನೆ ಡಾಂಬರಿನಂಥ ಗಟ್ಟಿಯಾದ ಎಣ್ಣೆ ಬೆರೆತುಕೊಂಡಿದೆ. ನಮ್ಮ ಮುಂಬಯಿ ಕಡಲಿನಲ್ಲಿಯೋ ಅರಬ್ ದೇಶಗಳಲ್ಲಿಯೋ ಬಾವಿ ಕೊರೆದರೆ ಉಕ್ಕಿಬರುವ ಎಣ್ಣೆಯಂತಲ್ಲ ಇದು. ತಣ್ಣಗಿದ್ದಾಗ ಹರಿಯುವುದೇ ಇಲ್ಲ. ಆ ನಾಡಿನ ಮೂಲನಿವಾಸಿಗಳು ಇದನ್ನು ಮರದ ಅಂಟಿನೊಡನೆ ಕಲಸಿ ತಮ್ಮ ದೋಣಿಗಳ ಬಿರುಕಿಗೆ ಬಳಿಯುತ್ತಿದ್ದರಂತೆ. ಕಾವೇರಿಯ ಹರಿಗೋಲಿನ ತಳಕ್ಕೆ ಡಾಂಬರು ಬಳಿಯುವುದನ್ನು ನೋಡಿದವರಿಗೆ ಇದು ಹೊಸದೆನಿಸಲಾರದು. ಡಾಂಬರಿಗೆ ಆಗ ಅಷ್ಟೇ ಬೆಲೆ, ಅಷ್ಟೇ ಉಪಯೋಗ.

ಈ ಮರಳಿನಿಂದ ಎಣ್ಣೆಯನ್ನು ಬೇರ್ಪಡಿಸಲು ಬಿಸಿನೀರನ್ನು ಬಳಸುವ ಕ್ರಮವನ್ನು ಕಾರ್ಲ್ ಕ್ಲಾರ್ಕ್ ಎಂಬ ವಿಜ್ಞಾನಿ 1920ರ ದಶಕದಲ್ಲಿ ರೂಪಿಸಿದನು. 1967ರಲ್ಲಿ ದೊಡ್ಡ ಪ್ರಮಾಣದ ಮೊದಲ ಕಾರ್ಖಾನೆ ಆರಂಭವಾಯಿತು. ಮರಳು ಮೇಲ್ಭಾಗದಲ್ಲಿ ಸಿಕ್ಕುವ ಕಡೆ ಕಾಡನ್ನು ಕಡಿದು, ಮೇಲ್ಮಣ್ಣನ್ನು ಕೆರೆದು, ಮನೆಯಷ್ಟು ಎತ್ತರದ ಲಾರಿಗಳಲ್ಲಿ ಸಾಗಿಸುತ್ತಾರೆ. ಒಂದು ಪೀಪಾಯಿ, ಎಂದರೆ 159 ಲೀಟರು ಎಣ್ಣೆ ಬೇಕಾದರೆ ಸುಮಾರು ಎರಡು ಟನ್ನು ಮರಳನ್ನು ಅಗೆಯಬೇಕು. ಉಳಿದ ಕೊಳೆನೀರನ್ನು ವಿಶಾಲವಾದ ಹೊಂಡಗಳಲ್ಲಿ ನಿಲ್ಲಿಸುತ್ತಾರೆ. 2008ರ ಏಪ್ರಿಲಿನಲ್ಲಿ ಅಂಥದೊಂದು ಹೊಂಡವನ್ನು ಕೆರೆಯೆಂದು ಭ್ರಮಿಸಿ ಇಳಿದ ಸುಮಾರು 1,600 ಬಾತುಕೋಳಿಗಳು ಸತ್ತುವು. ಬಹುಭಾಗದ ನಿಕ್ಷೇಪ ಅಗೆಯಲು ಸಿಗದಷ್ಟು ಆಳದಲ್ಲಿದೆ. ಅಲ್ಲಿಗೆ ಕೊಳವೆಯ ಮೂಲಕ ಹಬೆಯನ್ನು ನುಗ್ಗಿಸಿ, ಎಣ್ಣೆಯನ್ನು ಕರಗಿಸಿ, ಮೇಲಕ್ಕೆ ಸೆಳೆಯಬೇಕು. ಹಬೆ ಮಾಡುವುದಕ್ಕೆ ನೈಸರ್ಗಿಕ ಅನಿಲವನ್ನು ಉರಿಸುತ್ತಾರೆ. ಒಂದು ಇಂಧನವನ್ನು ಸುಟ್ಟು ಇನ್ನೊಂದು ಇಂಧನವನ್ನು ತೆಗೆಯುವುದೆಂದರೆ, ಬೆಣ್ಣೆ ಕಾಯಿಸಲು ತುಪ್ಪವನ್ನೇ ಒಲೆಗೆ ಸುರಿದ ಹಾಗೆ. ಹೀಗಿದ್ದರೂ 2023ರಲ್ಲಿ ಅಲ್ಲಿಂದ ದಿನಕ್ಕೆ 30 ಲಕ್ಷ ಪೀಪಾಯಿಗೂ ಮೀರಿ ಎಣ್ಣೆ ಹೊರಬಿದ್ದಿತು.

ಇದರ ಮೇಲಿನ ವಾಗ್ವಾದ ಇನ್ನೂ ಮುಗಿದಿಲ್ಲ. ಆ ಎಣ್ಣೆಯನ್ನು ಅಮೆರಿಕಕ್ಕೆ ಒಯ್ಯಬೇಕಾಗಿದ್ದ ಕೀಸ್ಟೋನ್ ಎಕ್ಸ್‌ಎಲ್ ಎಂಬ ಕೊಳವೆ ಮಾರ್ಗಕ್ಕೆ 2015ರಲ್ಲಿ ಅಧ್ಯಕ್ಷ ಒಬಾಮಾ ಅನುಮತಿ ನಿರಾಕರಿಸಿದರು. 2017ರಲ್ಲಿ ಟ್ರಂಪ್ ಕೊಟ್ಟರು. 2021ರಲ್ಲಿ ಬೈಡೆನ್ ರದ್ದುಮಾಡಿದರು. ಅತ್ತ ಕೆನಡಾದ ಪಶ್ಚಿಮ ತೀರಕ್ಕೆ ಹೋಗುವ ಟ್ರಾನ್ಸ್ ಮೌಂಟನ್ ಕೊಳವೆಯ ವಿಸ್ತರಣೆ 2024ರ ಮೇ ತಿಂಗಳಲ್ಲಿ ಕೆಲಸಕ್ಕೆ ತೊಡಗಿತು. ಒಂದು ಬಾಗಿಲು ಮುಚ್ಚಿದರೆ ಎಣ್ಣೆ ಇನ್ನೊಂದು ಬಾಗಿಲನ್ನು ಹುಡುಕಿಕೊಳ್ಳುತ್ತದೆ.

ಇನ್ನು ನಮ್ಮ ಕಡೆಗೆ ಬರೋಣ. ನಮ್ಮ ಜಿಲ್ಲೆಯಲ್ಲಿ ಎಣ್ಣೆಯೂ ಇಲ್ಲ, ಕಲ್ಲಿದ್ದಲೂ ಇಲ್ಲ. ಇರುವುದು ಕಾಡು. 1931ರಲ್ಲಿ ಮೈಸೂರು ಮಹಾರಾಜರು ಚಿಕ್ಕದೊಂದು ಅಭಯಾರಣ್ಯವನ್ನಾಗಿ ಮಾಡಿದ ಬಂಡೀಪುರ, ಗೋಪಾಲಸ್ವಾಮಿ ಬೆಟ್ಟದ ದೇವರ ಹೆಸರಿನಿಂದ ವೇಣುಗೋಪಾಲ ವನ್ಯಧಾಮವಾಗಿ ಬೆಳೆದು, 1973ರಲ್ಲಿ ದೇಶದ ಮೊದಲ ಒಂಬತ್ತು ಹುಲಿ ಯೋಜನೆ ಪ್ರದೇಶಗಳಲ್ಲಿ ಒಂದಾಯಿತು. ಆ ಕಾಡಿನ ಅಂಚಿನ ಹಳ್ಳಿಗಳಲ್ಲಿ ಹುಟ್ಟಿದವರಿಗೆ ಇಂಧನ ಎಂದರೆ ಪುಸ್ತಕದ ಶಬ್ದವಲ್ಲ. ಅದು ತಲೆಯ ಮೇಲಿನ ಭಾರ. ನಮ್ಮ ಅಜ್ಜಿ, ಅವ್ವ, ಅಕ್ಕಪಕ್ಕದ ಮನೆಯವರು ಬೆಳಗಿನ ಜಾವ ಗುಂಪು ಕಟ್ಟಿಕೊಂಡು ಹೋಗಿ, ಒಣಗಿದ ಕೊಂಬೆ, ಪುಳ್ಳೆ, ಲಾಂಟಾನದ ಕಡ್ಡಿ ಆಯ್ದು, ಬಳ್ಳಿಯಲ್ಲಿ ಬಿಗಿದು, ಹಳೆ ಸೀರೆಯ ಸಿಂಬೆ ಸುತ್ತಿ ಹೊತ್ತು ತರುತ್ತಿದ್ದರು. ಒಬ್ಬರ ಹೊರೆಯನ್ನು ಇನ್ನೊಬ್ಬರು ಎತ್ತಿ ತಲೆಗೇರಿಸಬೇಕು; ಕೊನೆಯವಳು ಮರದ ಕವೆಗೋ ಬಂಡೆಗೋ ಆನಿಸಿ ತಾನೇ ಏರಿಸಿಕೊಳ್ಳಬೇಕು. ನಾನು ಏಳನೆಯ ತರಗತಿಯವರೆಗೆ ಭಾನುವಾರಗಳಲ್ಲಿ ಜೊತೆಗೆ ಹೋದದ್ದುಂಟು. ಆನೆಯ ವಾಸನೆ ಬಂದರೆ ಹೊರೆಯನ್ನು ಅಲ್ಲೇ ಕೆಡವಿ ಓಡಬೇಕೆಂಬುದು ನಾನು ಕಲಿತ ಮೊದಲ ಪಾಠಗಳಲ್ಲೊಂದು. ಮರುದಿನ ಆ ಹೊರೆಗಾಗಿ ಮತ್ತೆ ಅಲ್ಲಿಗೇ ಹೋಗುತ್ತಿದ್ದರು.

ಕಾನೂನಿನ ಪ್ರಕಾರ ಹುಲಿಯ ಕಾಡಿನೊಳಗಿಂದ ಸೌದೆ ತರುವಂತಿಲ್ಲ. ಒಣ ಕೊಂಬೆ ತಂದರೆ ಕಾಡಿಗೇನು ನಷ್ಟ ಎಂದು ಕೇಳುವವರುಂಟು, ನಾನೂ ಕೇಳುತ್ತಿದ್ದೆ. ಆದರೆ ಸತ್ತ ಮರವೂ ಕಾಡಿನ ಸಂಸಾರದಲ್ಲಿ ಒಂದು ಮನೆಯೇ. ಅದರ ಪೊಟರೆಯಲ್ಲಿ ಹಕ್ಕಿಯಿರುತ್ತದೆ, ತೊಗಟೆಯಲ್ಲಿ ಹುಳುವಿರುತ್ತದೆ, ಕೊಳೆತರೆ ಮಣ್ಣಿಗೆ ಸಾರ. ಒಣಗಿದ್ದು ಮುಗಿದ ಮೇಲೆ ಮಚ್ಚು ಹಸಿಯ ಕಡೆಗೂ ತಿರುಗುತ್ತದೆ. ನೂರಾರು ಹಳ್ಳಿಗಳವರು ದಿನವೂ ಹೀಗೆ ಹೊಕ್ಕರೆ ಅಂಚು ತೆಳ್ಳಗಾಗುತ್ತದೆ. ತೆರಪಾದ ಜಾಗದಲ್ಲಿ ಲಾಂಟಾನ ಹಬ್ಬುತ್ತದೆ. ಬೇಸಗೆಯಲ್ಲಿ ಲಾಂಟಾನ ಬೆಂಕಿಗೆ ಹುರಿದ ಸೊಪ್ಪಿನಂತೆ. 2019ರ ಫೆಬ್ರವರಿಯಲ್ಲಿ ಬಂಡೀಪುರದ ಸಾವಿರಾರು ಎಕರೆ ಕಾಡು ಉರಿದುದನ್ನು ಈ ತಾಲ್ಲೂಕಿನವರು ಮರೆತಿಲ್ಲ. ಇತ್ತ ಮನೆಯೊಳಗಿನ ಹೊಗೆಯ ಲೆಕ್ಕವೂ ಸಣ್ಣದಲ್ಲ. ಸೌದೆ, ಬೆರಣಿ ಮುಂತಾದವುಗಳ ಒಲೆಹೊಗೆಯಿಂದ 2020ರಲ್ಲಿ ಲೋಕದಾದ್ಯಂತ 32 ಲಕ್ಷ ಜನ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ಊದುಗೊಳವೆ ಹಿಡಿದು ಕೆಮ್ಮುವ ಅಜ್ಜಿಯನ್ನು ಕಂಡವರಿಗೆ ಇದು ದೂರದ ಅಂಕಿ ಎನಿಸದು.

ಈ ಕಷ್ಟಕ್ಕೆ ಉಪಾಯ ಹುಡುಕಿದವರಲ್ಲಿ ವನ್ಯಜೀವಿ ಛಾಯಾಗ್ರಾಹಕರಾದ ಕೃಪಾಕರ ಮತ್ತು ಸೇನಾನಿ ಮುಖ್ಯರು. (1997ರಲ್ಲಿ ವೀರಪ್ಪನ್ ಬಂಡೀಪುರದಿಂದ ಹೊತ್ತೊಯ್ದು ಹದಿನಾಲ್ಕು ದಿನ ಇರಿಸಿಕೊಂಡಿದ್ದುದು ಇವರನ್ನೇ.) ಕಾಡನ್ನು ಉಳಿಸಬೇಕಾದರೆ ಕಾವಲು ಮಾತ್ರ ಸಾಲದು, ಅಂಚಿನ ಮನೆಗಳ ಒಲೆಯನ್ನು ಬದಲಿಸಬೇಕೆಂದು ಅವರು ಕಂಡುಕೊಂಡರು. ಅವರ ಮುಂದಾಳ್ತನದ ‘ನಮ್ಮ ಸಂಘ’ವು ಕಾಡಂಚಿನ ಹಳ್ಳಿಗಳಿಗೆ ಅಡುಗೆ ಅನಿಲದ ಸಂಪರ್ಕ ಕೊಡಿಸಿತು. ಕೇಂದ್ರ ಸರ್ಕಾರದ ಉಜ್ವಲಾ ಯೋಜನೆ ಬಂದದ್ದು 2016ರಲ್ಲಿ. ಸಂಘದ ಕೆಲಸ ಅದಕ್ಕಿಂತ ಎಷ್ಟೋ ವರ್ಷ ಮೊದಲಿನದು. ಒಲೆ ಕೊಟ್ಟು ಫೋಟೋ ತೆಗೆಸಿಕೊಂಡು ಹೋಗದೆ, ಮುಗಿದ ಸಿಲಿಂಡರಿನ ಬದಲು ತುಂಬಿದ್ದನ್ನು ಹಳ್ಳಿಗೇ ತಲುಪಿಸುವ ಏರ್ಪಾಡನ್ನೂ ಮಾಡಿದರು. ಒಂದು ಸಿಲಿಂಡರಿಗಾಗಿ ಒಂದು ದಿನದ ಕೂಲಿ ಬಿಟ್ಟು ಪೇಟೆಗೆ ಹೋಗಬೇಕಾದವರಿಗೆ ಒಲೆಗಿಂತ ಈ ಏರ್ಪಾಡೇ ದೊಡ್ಡದು.

ಇಲ್ಲಿಯೇ ಚರ್ಚಾಕೂಟದ ಎರಡು ಪಕ್ಷಗಳೂ ಕಾಣದ ಒಂದು ವಿಚಿತ್ರವಿದೆ. ಅಡುಗೆ ಅನಿಲವೇನು ಹಸಿರು ಇಂಧನವೇ? ಅದೂ ನೆಲದಡಿಯ ಎಣ್ಣೆಯ ಸಂತಾನವೇ. ನಮ್ಮ ದೇಶ ಬಳಸುವ ಅಡುಗೆ ಅನಿಲದಲ್ಲಿ ಅರ್ಧಕ್ಕಿಂತ ಹೆಚ್ಚು ಹೊರದೇಶದಿಂದ, ಬಹುಪಾಲು ಪಶ್ಚಿಮ ಏಷ್ಯಾದಿಂದ, ಹಡಗಿನಲ್ಲಿ ಬರುತ್ತದೆ. ಮಂಗಳೂರಿನಲ್ಲಿ ಇಳಿದದ್ದು ಕೊಳವೆಯಲ್ಲಿ ಘಟ್ಟ ಹತ್ತಿ ಹಾಸನ, ಮೈಸೂರುಗಳ ಕಡೆಗೆ ಸಾಗುತ್ತದೆ. ಅಥಬಾಸ್ಕದಲ್ಲಿ ದೂರದವರ ಇಂಧನಕ್ಕಾಗಿ ಊರಿನ ಕಾಡು ಹೋಗುತ್ತಿದೆ. ಬಂಡೀಪುರದಲ್ಲಿ ದೂರದಿಂದ ಬಂದ ಇಂಧನ ಊರಿನ ಕಾಡನ್ನು ಉಳಿಸುತ್ತಿದೆ. ಸೌದೆ ಮತ್ತೆ ಚಿಗುರುವ ವಸ್ತು, ಆದುದರಿಂದ ಹಸಿರು. ಅನಿಲ ಮುಗಿದುಹೋಗುವ ವಸ್ತು, ಆದುದರಿಂದ ಅಲ್ಲ ಎಂದು ಪುಸ್ತಕ ನೋಡಿ ತೀರ್ಪು ಕೊಟ್ಟರೆ, ಅವ್ವನ ತಲೆಯ ಹೊರೆ ಹಸಿರು ಎಂದೂ ಅದನ್ನು ಇಳಿಸಿದ ಸಿಲಿಂಡರು ಅಲ್ಲವೆಂದೂ ಹೇಳಬೇಕಾಗುತ್ತದೆ. ಯಾವುದು ಹಸಿರು ಎಂಬುದು ವಸ್ತುವಿನ ಗುಣವಷ್ಟೇ ಅಲ್ಲ. ಯಾವುದರ ಬದಲಿಗೆ ಬಂದಿತು, ಎಲ್ಲಿ, ಯಾರ ಖರ್ಚಿನಲ್ಲಿ ಎಂಬುದರ ಮೇಲೂ ನಿಂತಿದೆ ಎಂಬುದೇ ನನ್ನ ಅಭಿಪ್ರಾಯ.

ಖರ್ಚಿನ ಮಾತು ಬಂದುದರಿಂದ ಅದನ್ನು ಸ್ವಲ್ಪ ವಿಸ್ತರಿಸುತ್ತೇನೆ. ಸಂಪರ್ಕ ಸಿಕ್ಕಿದ ಮಾತ್ರಕ್ಕೆ ಒಲೆ ಬದಲಾಗುವುದಿಲ್ಲ. 2022–23ರಲ್ಲಿ ಉಜ್ವಲಾ ಯೋಜನೆಯ ಮನೆಯೊಂದು ದೇಶದ ಸರಾಸರಿಯಲ್ಲಿ ವರ್ಷಕ್ಕೆ ನಾಲ್ಕಕ್ಕೂ ಕಡಿಮೆ ಸಿಲಿಂಡರು ತುಂಬಿಸಿತು. ಬರೀ ಅನಿಲದಲ್ಲೇ ಅಡುಗೆ ಮಾಡುವ ಸಂಸಾರಕ್ಕೆ ಇದು ಏತಕ್ಕೂ ಸಾಲದು. 2023ರ ಆಗಸ್ಟಿನಲ್ಲಿ 200 ರೂಪಾಯಿ ಇಳಿಯುವವರೆಗೆ 14.2 ಕಿಲೋ ಸಿಲಿಂಡರಿನ ಬೆಲೆ 1,100 ರೂಪಾಯಿಯ ಆಸುಪಾಸಿನಲ್ಲಿತ್ತು. ಆ ವರ್ಷ ನಮ್ಮ ರಾಜ್ಯದಲ್ಲಿ ಉದ್ಯೋಗ ಖಾತರಿಯ ದಿನಗೂಲಿ 316 ರೂಪಾಯಿ. ಒಂದು ಸಿಲಿಂಡರಿಗೆ ಮೂರು ದಿನಕ್ಕೂ ಮೀರಿದ ಕೂಲಿ. ಸಹಾಯಧನವುಂಟು, ನಿಜ, ಆದರೆ ಅದು ಬ್ಯಾಂಕಿಗೆ ಆಮೇಲೆ ಬರುತ್ತದೆ, ಪೂರಾ ಹಣವನ್ನು ಮೊದಲು ಎಣಿಸಬೇಕು. ಮನೆಯಲ್ಲಿ ಒಲೆ ಏಕೆ ಇನ್ನೂ ಉರಿಯುತ್ತದೆಂದು ನಾನು ಕೇಳಿದಾಗ ಅವ್ವ ಅಂದದ್ದು ಇಷ್ಟು: “ಗ್ಯಾಸು ಕಾಪಿಗಾಯ್ತದೆ, ನೆಂಟ್ರು ಬಂದಾಗ ಆಯ್ತದೆ ಕನವ್ವ. ಹಂಡೆ ನೀರ್ಗೆಲ್ಲ ಗ್ಯಾಸ್ ಹಚ್ಚುದ್ರೆ ಮನೆ ಉಳ್ದದಾ?”

ಅವ್ವನ ಮಾತಿನಲ್ಲಿರುವ ಹಂಡೆ ನನಗೆ ಬಹಳ ದಿನ ಅರ್ಥವಾಗಿರಲಿಲ್ಲ. ನಾವು ಇಂಧನವೆಂದೊಡನೆ ಅಡುಗೆಯನ್ನು ನೆನೆಯುತ್ತೇವೆ. ಆದರೆ ಸೌದೆಯಲ್ಲಿ ದೊಡ್ಡ ಪಾಲನ್ನು ನುಂಗುವುದು ಸ್ನಾನದ ನೀರು. ಆಮೇಲೆ ನಮ್ಮ ಜಿಲ್ಲೆಯ ಕಸುಬುಗಳಿವೆ. ಅರಿಶಿನ ಕಿತ್ತ ಮೇಲೆ ದೊಡ್ಡ ಕೊಪ್ಪರಿಗೆಗಳಲ್ಲಿ ಬೇಯಿಸಬೇಕು. ಅದಕ್ಕೆ ರಾಶಿ ರಾಶಿ ಉರುವಲು. ಕೊಳ್ಳೇಗಾಲದ ಕಡೆ ರೇಷ್ಮೆ ಗೂಡನ್ನು ಬಿಸಿನೀರಿನಲ್ಲಿ ಹಾಕಿ ನೂಲು ತೆಗೆಯಬೇಕು, ಅದಕ್ಕೂ ಸೌದೆ. ಪಕ್ಕದ ಹೆಗ್ಗಡದೇವನಕೋಟೆ, ಹುಣಸೂರುಗಳಲ್ಲಿ ಹೊಗೆಸೊಪ್ಪನ್ನು ಬ್ಯಾರನ್ನಿನಲ್ಲಿ ಹದಮಾಡುವುದಕ್ಕಂತೂ ಲಾರಿಗಟ್ಟಲೆ ಬೇಕು. ಆಲೆಮನೆಯೊಂದು ಮಾತ್ರ ಜಾಣತನದ್ದು. ಕಬ್ಬಿನ ಸಿಪ್ಪೆಯಿಂದಲೇ ಕಬ್ಬಿನ ಹಾಲನ್ನು ಕಾಯಿಸಿಕೊಳ್ಳುತ್ತದೆ. ಅಡುಗೆಮನೆಯ ಸಿಲಿಂಡರಿನ ಲೆಕ್ಕದಲ್ಲಿ ಇವೊಂದೂ ಸೇರಿಲ್ಲ.

ಇಂಥ ಲೆಕ್ಕವನ್ನು ನಮ್ಮ ನಾಡಿನಲ್ಲಿ ಶ್ರದ್ಧೆಯಿಂದ ಹಾಕಿದವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊಫೆಸರ್ ಅಮೂಲ್ಯ ರೆಡ್ಡಿಯವರು. ಅವರು 1974ರಲ್ಲಿ ‘ಅಸ್ತ್ರ’ ಎಂಬ ಗ್ರಾಮೀಣ ತಂತ್ರಜ್ಞಾನ ಕೇಂದ್ರವನ್ನು ಕಟ್ಟಿ, ಕುಣಿಗಲ್ ತಾಲ್ಲೂಕಿನ ಪುರ ಮೊದಲಾದ ಹಳ್ಳಿಗಳಲ್ಲಿ ಯಾವ ಕೆಲಸಕ್ಕೆ ಎಷ್ಟು ಶಕ್ತಿ ಹೋಗುತ್ತದೆ, ಅದನ್ನು ಯಾರು ಒದಗಿಸುತ್ತಾರೆ ಎಂದು ಮನೆಮನೆಗೂ ಹೋಗಿ ಎಣಿಸಿದರು. ಹಳ್ಳಿಯ ಶಕ್ತಿಯಲ್ಲಿ ಬಹುಪಾಲು ಸೌದೆಯಿಂದ ಬರುತ್ತದೆಂದೂ, ಅದನ್ನು ತರುವ ದುಡಿಮೆಯಲ್ಲಿ ಹೆಂಗಸರ ಮತ್ತು ಮಕ್ಕಳ ಪಾಲು ದೊಡ್ಡದೆಂದೂ ಆ ಎಣಿಕೆ ತೋರಿಸಿತು. ಕಡಿಮೆ ಸೌದೆಯಲ್ಲಿ ಮೂರು ಪಾತ್ರೆ ಕಾಯಿಸುವ, ಹೊಗೆಯನ್ನು ಕೊಳವೆಯಲ್ಲಿ ಹೊರಗೆ ಕಳಿಸುವ ‘ಅಸ್ತ್ರ ಒಲೆ’ ಹುಟ್ಟಿದ್ದು ಅಲ್ಲಿಂದಲೇ. ಮುಂದೆ ರಾಜ್ಯದ ವಿದ್ಯುತ್ ಯೋಜನೆಯ ವಿಚಾರದಲ್ಲಿಯೂ ರೆಡ್ಡಿಯವರ ವಾದ ಇದೇ: ಎಷ್ಟು ವಿದ್ಯುತ್ ಉತ್ಪಾದಿಸಬೇಕೆಂಬುದರಿಂದ ಹೊರಡದೆ, ಜನರಿಗೆ ಯಾವ ಕೆಲಸ ಆಗಬೇಕೆಂಬುದರಿಂದ ಹೊರಡಬೇಕು. ಅರ್ಥಶಾಸ್ತ್ರದ ವಿದ್ಯಾರ್ಥಿಗಳಾದ ನಾವು ಕಲಿಯುವ ಬೇಡಿಕೆ–ಪೂರೈಕೆಗಳ ರೇಖೆಗಳಲ್ಲಿ ಹೊತ್ತವಳ ಕುತ್ತಿಗೆಯ ನೋವಿಗೆ ಜಾಗವಿಲ್ಲ, ಅವರ ಎಣಿಕೆಯಲ್ಲಿತ್ತು.

ಹಾಗಾದರೆ ಅನಿಲವನ್ನೂ ದಾಟಿ ಸೂರ್ಯನಿಂದ, ನೀರಿನಿಂದ ಬಂದ ವಿದ್ಯುತ್ತಿಗೆ ಹೋಗಬಾರದೇ? ಹೋಗಬೇಕು. ನನ್ನ ದೃಷ್ಟಿಯಲ್ಲಿ ಸಿಲಿಂಡರು ಹೊಳೆ ದಾಟಿಸುವ ತೆಪ್ಪ. ತೆಪ್ಪದಲ್ಲೇ ಮನೆ ಕಟ್ಟಲಾಗದು. ಆದರೆ ವಿದ್ಯುತ್ತಿನ ಚರಿತ್ರೆಯೂ ಒಂದು ಎಚ್ಚರ ಹೇಳುತ್ತದೆ. ನಮ್ಮ ಜಿಲ್ಲೆಯ ಗಡಿಯಲ್ಲಿಯೇ ಇರುವ ಶಿವನಸಮುದ್ರದಲ್ಲಿ 1902ರಲ್ಲಿ ಕಾವೇರಿಯ ನೀರಿನಿಂದ ವಿದ್ಯುತ್ ತೆಗೆದರು. ಹೊಗೆಯಿಲ್ಲದ ಆ ಶಕ್ತಿ ಮೊದಲು ಹೋದದ್ದು 92 ಮೈಲಿ ದೂರದ ಕೋಲಾರದ ಚಿನ್ನದ ಗಣಿಗೆ. 1905ರಲ್ಲಿ ಬೆಂಗಳೂರಿನ ಬೀದಿದೀಪಗಳಿಗೆ. ಜಲಪಾತದ ಸದ್ದು ಕೇಳುವ ಹಳ್ಳಿಗಳು ದಶಕಗಳ ಕಾಲ ಬುಡ್ಡಿದೀಪದಲ್ಲಿಯೇ ಉಳಿದುವು. ಇತ್ತೀಚಿನ ನಿದರ್ಶನ ಪಾವಗಡದ್ದು. ಅಲ್ಲಿ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟಿನ ಸೌರ ಉದ್ಯಾನವಿದೆ. ಸರ್ಕಾರ ಜಮೀನನ್ನು ಕಿತ್ತುಕೊಳ್ಳದೆ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಆರಂಭಿಸಿ ಗುತ್ತಿಗೆ ಕೊಟ್ಟದ್ದು ಮೆಚ್ಚತಕ್ಕ ಕ್ರಮ. ಮಳೆ ಕಾಣದ ರೈತನಿಗೆ ಬಿಸಿಲೇ ಬೆಳೆಯಾಯಿತು. ಆದರೆ ಗುತ್ತಿಗೆ ಸಿಕ್ಕುವುದು ಜಮೀನಿದ್ದವರಿಗೆ. ಅದೇ ಹೊಲದಲ್ಲಿ ಕಳೆ ಕಿತ್ತು ಬದುಕುತ್ತಿದ್ದ ಕೂಲಿಯವಳಿಗೆ, ಬೀಳಿನಲ್ಲಿ ಕುರಿ ಮೇಯಿಸುತ್ತಿದ್ದವನಿಗೆ ಏನೂ ಸಿಗದು.

ಮನೆಯ ಮಟ್ಟಕ್ಕೆ ಇಳಿದರೆ ಇನ್ನೊಂದು ಸೂಕ್ಷ್ಮವಿದೆ. 2023ರಲ್ಲಿ ಬಂದ ಗೃಹಜ್ಯೋತಿ ಯೋಜನೆಯಲ್ಲಿ 200 ಯೂನಿಟ್ಟಿನವರೆಗೆ ವಿದ್ಯುತ್ ಉಚಿತವೆಂದು ಎಲ್ಲರೂ ಹೇಳುತ್ತಾರೆ. ವಾಸ್ತವವಾಗಿ ಪ್ರತಿ ಮನೆಗೂ ಉಚಿತವಾಗುವುದು ಅದರ ಹಳೆಯ ಸರಾಸರಿ ಬಳಕೆ ಮತ್ತು ಅದರ ಮೇಲೆ ಸ್ವಲ್ಪ. ಸರಾಸರಿ 48 ಯೂನಿಟ್ಟಿನೊಳಗಿರುವ ಸಣ್ಣ ಮನೆಗಳಿಗೆ 2024ರ ತಿದ್ದುಪಡಿಯಂತೆ ಆ ‘ಸ್ವಲ್ಪ’ ಎಂದರೆ 10 ಯೂನಿಟ್. ತಿಂಗಳಿಗೆ 40 ಯೂನಿಟ್ ಬಳಸುತ್ತಿದ್ದ ಮನೆಗೆ 50 ಉಚಿತ. ಆ ಮನೆಯಾಕೆ 1,500 ವಾಟಿನ ವಿದ್ಯುತ್ ಒಲೆ ತಂದು ದಿನಕ್ಕೆ ಒಂದು ಗಂಟೆ ಪೂರ್ಣವಾಗಿ ಉರಿಸಿದಳೆಂದು ಇಟ್ಟುಕೊಳ್ಳಿ. ತಿಂಗಳಿಗೆ 45 ಯೂನಿಟ್ ಹೆಚ್ಚಾಗಿ, 35 ಯೂನಿಟ್ಟಿಗೆ ಹಣ ಕಟ್ಟಬೇಕು. ಯೂನಿಟ್ಟಿಗೆ ಆರು ರೂಪಾಯಿ ಎಂದು ಹಿಡಿದರೂ 210 ರೂಪಾಯಿ, ಸಿಲಿಂಡರಿಗಿಂತ ಹಗುರವೇ. ಈ ಲೆಕ್ಕವನ್ನು ಕಾಗದದ ಮೇಲೆ ಬರೆದು ಬಹಳ ಉತ್ಸಾಹದಿಂದ ಅವ್ವನಿಗೆ ಒಪ್ಪಿಸಿದೆ. ಅವಳು ಕೇಳಿದ್ದು ಎರಡೇ ಪ್ರಶ್ನೆ: “ಸೊನ್ನೆ ಬಿಲ್ಲು ಬತ್ತಿರದ ನಾವೇ ಕೆಡಿಸ್ಕಬೇಕಾ? ಇಟ್ಟು ತಿರುವೊ ಹೊತ್ಗೆ ಕರೆಂಟ್ ಹೋದ್ರೆ ಏನ್ ಮಾಡದು?” ಮೊದಲನೆಯದಕ್ಕೆ ನನ್ನ ಬಳಿ ಉತ್ತರವಿತ್ತು. ಎರಡನೆಯದಕ್ಕೆ ಇರಲಿಲ್ಲ.

ಎಣ್ಣೆ ಮರಳು ನೆಲದಲ್ಲೇ ಉಳಿಯಲಿ ಎಂಬ ಪಕ್ಷಕ್ಕೇ ನನ್ನ ಮತ. ಎರಡು ಟನ್ನು ನೆಲ ಬಗೆದು ಒಂದು ಪೀಪಾಯಿ ಎಣ್ಣೆ ಪಡೆಯುವುದು, ಅದರ ಹೊಗೆಯಿಂದ ಕಾದ ಲೋಕದಲ್ಲಿ ಅದೇ ಕಾಡುಗಳು ಒಣಗಿ ಉರಿಯುವುದು, ಇದು ಬುದ್ಧಿವಂತರ ಕೆಲಸವಲ್ಲ. 2016ರಲ್ಲಿ ಎಣ್ಣೆ ಮರಳಿನ ನಡುವಿನ ಫೋರ್ಟ್ ಮೆಕ್‌ಮರಿ ಪಟ್ಟಣದಿಂದ ಸುಮಾರು 88,000 ಜನ ಕಾಡ್ಗಿಚ್ಚಿಗೆ ಹೆದರಿ ಓಡಬೇಕಾಯಿತು. ಆದರೆ ಅಲ್ಲಿಯ ಗಣಿಕೆಲಸಗಾರ ಇಲ್ಲಿಯ ಸೌದೆಯವಳಂತೆಯೇ ಕೇಳುತ್ತಾನೆ: ಇದನ್ನು ಬಿಟ್ಟರೆ ನಾಳೆ ಏನು? ಅವನಿಗೆ ಸಂಬಳದ ಬೇರೆ ಕೆಲಸ ತೋರಿಸದೆ, ಇವಳಿಗೆ ತಿಂಗಳು ತಿಂಗಳೂ ತಪ್ಪದೆ ಎಟಕುವ ಬೇರೆ ಉರಿ ತೋರಿಸದೆ ನಿಲ್ಲಿಸಿ ಎನ್ನುವವನು ಆ ಖರ್ಚನ್ನು ಅವರ ತಲೆಗೇ ಕಟ್ಟಿದಂತಾಗುತ್ತದೆ. ‘ನಮ್ಮ ಸಂಘ’ದ ಸಿಲಿಂಡರು ಹಳ್ಳಿಯ ಬಾಗಿಲಿಗೆ ಬಂದುದರಿಂದ ಆದ ಕೆಲಸ, ಬೇರಾವ ಉಪದೇಶದಿಂದಲೂ ಆಗುತ್ತಿರಲಿಲ್ಲ.

ಈಗ ಬಂಡೀಪುರದ ಕಾಡಿನೊಳಗೆ ಬೇಸಗೆಯಲ್ಲಿ ಬತ್ತುವ ಕೆರೆಗಳಿಗೆ ಸೌರ ಪಂಪುಗಳು ನೀರು ತುಂಬುತ್ತವೆ. ಆನೆಗೆ ಸಿಕ್ಕಿರುವ ಸೂರ್ಯಶಕ್ತಿ ಕಾಡಂಚಿನ ಹಂಡೆಗೆ ಇನ್ನೂ ಸಿಕ್ಕಿಲ್ಲ ಎಂದು ಗೆಳತಿಯೊಬ್ಬಳು ತಮಾಷೆ ಮಾಡುತ್ತಾಳೆ. ನಮ್ಮ ಮನೆಯಲ್ಲಿ ಅವ್ವ ಕಾಡಿಗೆ ಹೋಗುವುದನ್ನು ಬಿಟ್ಟು ನಾಲ್ಕು ವರ್ಷವಾಯಿತು. ಬೇಲಿಯ ಹೊಂಗೆ, ಜಾಲಿಗಳನ್ನು ಸವರಿದ ಕೊಂಬೆಯಲ್ಲಿ ಹಂಡೆ ಕಾಯುತ್ತದೆ. ಸಾರೂ ಕಾಫಿಯೂ ಅನಿಲದ ಮೇಲೆ. ಹಿಟ್ಟು ಮಾತ್ರ ಸೌದೆ ಒಲೆಯ ಮೇಲೆಯೇ. ಸಿಂಬೆಯ ಹಳೆ ಸೀರೆತುಂಡು ಈಗ ಸಿಲಿಂಡರಿನ ಅಡಿಯಲ್ಲಿ, ನೆಲ ಗೀರದಿರಲೆಂದು ಹಾಸಿದೆ.